ಬೀದರ್‌ನ ನಮ್ಮ ಕಾಲೇಜು ಹಾಕಿ ಟೀಮ್ ಮೊದಲ ನಾಲ್ಕು ಮ್ಯಾಚಲ್ಲಿ ಮೂರು ಸೋತಿದೆ. ಗೋಲ್‌ಕೀಪರ್ ಬದಲಾಯಿಸಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಬಹುದಾ?

ಕೊಡಬೇಡಿ. ಸಹಿ ಹಾಕಿಸಲು ಶುರು ಮಾಡಿದ್ದರೆ ಆ ಹಾಳೆಯನ್ನು ಇವತ್ತೇ ಹರಿದು ಹಾಕಿ. ನಾಲ್ಕು ಮ್ಯಾಚಲ್ಲಿ ಹನ್ನೊಂದು ಗೋಲು ತಿಂದಿದ್ದೇವೆ, ಎಲ್ಲಾ ಅವನದೇ ತಪ್ಪು, ಎರಡನೇ ವರ್ಷದ ಹುಡುಗನನ್ನು ನಿಲ್ಲಿಸಿದರೆ ಸೀಸನ್ ಉಳಿಯುತ್ತೆ ಅಂತ ಬರೆದಿದ್ದೀರಿ. ಹೆಚ್ಚೂ ಕಡಿಮೆ ಇದೇ ಮಾತನ್ನು ನಾನು ಕಲಬುರಗಿಯಲ್ಲಿ ಹೇಳಿದ್ದೆ. ಆಮೇಲೆ ಏನಾಯ್ತು ಕೇಳಿ.

2016. ರಿಯೊ ಒಲಿಂಪಿಕ್ಸ್ ಆಗಷ್ಟೇ ಮುಗಿದಿತ್ತು. ನಾನು ಬಿ.ಕಾಂ. ಎರಡನೇ ವರ್ಷ. ಆಡುವವನಲ್ಲ, ನೋಡುವವನು. ನಮ್ಮ ಗ್ರೌಂಡಲ್ಲಿ ಬೆಳಗ್ಗೆ ಹಾಕಿ ಹುಡುಗರು ಇರುತ್ತಿದ್ದರು. ಕ್ರಿಕೆಟ್‌ನವರು ಕಿಟ್ ಹೊತ್ತು ಬಂದ ತಕ್ಷಣ ಜಾಗ ಬಿಡಬೇಕಿತ್ತು. ಕ್ರಿಕೆಟ್ ಮ್ಯಾಚ್ ಇದ್ದರೆ ಅರ್ಧ ಕಾಲೇಜು ನೋಡಲು ಬರುತ್ತಿತ್ತು. ಹಾಕಿ ಇದ್ದರೆ ನಾವೊಂದು ಸಣ್ಣ ಗುಂಪು. ಹಾಗಿದ್ದರೂ ಆ ಟೀಮ್ ಮೇಲೆ ನಮಗೆ ವಿಪರೀತ ಪ್ರೀತಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯಿಂದ ಬರುತ್ತಿದ್ದ ಹುಡುಗರು. ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಪ್ರಾಕ್ಟೀಸ್ ಮಾಡಿ, ಬೆವರಲ್ಲೇ ಕ್ಲಾಸಿಗೆ ಕೂರುತ್ತಿದ್ದರು. ಆ ವರ್ಷ ಸೆಂಟರ್ ಹಾಫ್ ತುಂಬಾ ಚೆನ್ನಾಗಿದ್ದ. ಫಾರ್ವರ್ಡ್ ಲೈನ್‌ನಲ್ಲಿ ಓಡುವ ಹುಡುಗರಿದ್ದರು. ಈ ಸಲ ಇಂಟರ್ ಕಾಲೇಜ್ ಕಪ್ ನಮ್ಮದೇ ಅಂತ ನಾವು ಆಗಸ್ಟಲ್ಲೇ ಮಾತಾಡಿಕೊಂಡಿದ್ದೆವು.

ಸೀಸನ್ ಶುರುವಾಯ್ತು, ಸೋಲು ಶುರುವಾಯ್ತು. ಮೊದಲು ಬೆಂಗಳೂರಲ್ಲಿ ಒಂದು ಟೂರ್ನಮೆಂಟ್. ರಾತ್ರಿಯಿಡೀ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತು, ಕೂತು ಹೋಗಿ, ಅದೇ ದಿನ ಟರ್ಫ್ ಮೇಲೆ ಆಡಿದರು. ದೊಡ್ಡ ಅಂತರದಲ್ಲಿ ಸೋತರು. ಊರಿಗೆ ಬಂದು ಒಂದು ಸಾಧಾರಣ ಟೀಮ್ ವಿರುದ್ಧ ಗೆದ್ದರು. ಮತ್ತೆ ಎರಡು ಸೋಲು. ನಿಮ್ಮ ಟೀಮ್ ಲೆಕ್ಕವೇ ಇದು, ಅಲ್ವಾ?

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪ್ರತಿ ಮ್ಯಾಚ್ ಬರೆದಿಡುತ್ತಿದ್ದೆ. ಯಾವ ನಿಮಿಷದಲ್ಲಿ ಗೋಲು, ಯಾರು ಹೊಡೆದರು, ಸ್ಕೋರ್ ಎಷ್ಟು. ಪಕ್ಕದಲ್ಲಿ ಒಂದು ಸಾಲು ನನ್ನ ಅಭಿಪ್ರಾಯ. ನಾನು ಕೂರುತ್ತಿದ್ದುದು ಸೈಡ್‌ಲೈನ್ ಹತ್ತಿರ, ಅರ್ಧ ಗ್ರೌಂಡಿನ ಸಮಕ್ಕೆ ಇದ್ದ ಬೇವಿನ ಮರದ ನೆರಳಲ್ಲಿ. ಕಲಬುರಗಿ ಬಿಸಿಲು ನಿಮಗೂ ಗೊತ್ತು, ಬೇರೆ ಕಡೆ ಕೂರಲಾಗಲ್ಲ. ಅಲ್ಲಿಂದ ನೋಡಿದರೆ ಕಾಣುತ್ತಿದ್ದುದು ಇಷ್ಟು: ಪೆನಾಲ್ಟಿ ಕಾರ್ನರ್ (ನಮ್ಮವರ ತಪ್ಪಿಗೆ ಎದುರಾಳಿಗೆ ಸಿಗುವ ಅವಕಾಶ), ಎದುರಾಳಿ ಡಿ ತುದಿಯಿಂದ, ಅಂದರೆ ಗೋಲ್ ಮುಂದಿನ ಅರ್ಧವೃತ್ತದ ಗೆರೆ ಹತ್ತಿರದಿಂದ, ಹೊಡೆಯುತ್ತಾನೆ, ನಮ್ಮ ಕೀಪರ್ ನಿಂತಲ್ಲೇ ನಿಂತಿರುತ್ತಾನೆ, ಗೋಲ್ ಒಳಗಿನ ಹಲಗೆಗೆ ಚೆಂಡು ಬಡಿದ ಸದ್ದು ಬರುತ್ತೆ. ‘ಕೀಪರ್ ಕದಲಲೇ ಇಲ್ಲ’ ಅಂತ ಬರೆದೆ. ಮುಂದಿನ ಮ್ಯಾಚಲ್ಲೂ ಅದನ್ನೇ ಬರೆದೆ. ಆಮೇಲಾಮೇಲೆ ಪೂರ್ತಿ ಬರೆಯುವುದನ್ನೂ ಬಿಟ್ಟು ‘ಕೀ.’ ಅಂತ ಒಂದಕ್ಷರ ಹಾಕತೊಡಗಿದೆ.

ಆ ಹುಡುಗ ಫಸ್ಟ್ ಇಯರ್. ಸೇಡಂ ಹತ್ತಿರದ ಹಳ್ಳಿಯವನು. ಅವನ ಪ್ಯಾಡುಗಳು ಅವನಿಗಿಂತ ಹಳೆಯವು. ಎಡಗಾಲಿನ ಪ್ಯಾಡಿಗೆ ಬಕಲ್ ಹೋಗಿತ್ತು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಮೀನಖಂಡದ ಹಿಂದೆ ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದ. ಮ್ಯಾಚ್ ಮುಗಿದ ಮೇಲೆ ಆ ಗಂಟು ಬಿಗಿದುಕೊಂಡು ಬಿಚ್ಚಲು ಬರುತ್ತಿರಲಿಲ್ಲ, ಹಲ್ಲಿಂದ ಎಳೆಯುತ್ತಿದ್ದ. ಇದನ್ನೆಲ್ಲ ನಾನು ನೋಡಿದ್ದೆ. ನೋಟ್‌ಬುಕ್ಕಲ್ಲಿ ಬರೆದಿರಲಿಲ್ಲ.

ಮೂರನೇ ಸೋಲಿನ ಮರುದಿನ ನಾವು ನಾಲ್ಕು ಜನ ಆಟದ ಮೇಷ್ಟ್ರು ಪಿಡಿ ಸರ್ ರೂಮಿಗೆ ಹೋದೆವು. ನೋಟ್‌ಬುಕ್ ಟೇಬಲ್ ಮೇಲಿಟ್ಟೆ. ಸರ್ ಪುಟ ತಿರುವಿದರು. “ಎಲ್ಲಾ ಗೋಲೂ ಇವನ ಮ್ಯಾಲೇ ಬರದೀಯಲ್ಲೋ” ಅಂದರು. “ಹೌದ್ರಿ ಸರ್, ನೋಡಿದ್ದೇ ಬರದೀನಿ” ಅಂದೆ. ಅವರ ಮೇಲೂ ಒತ್ತಡ ಇತ್ತು. ಸೋತು ಬಂದರೆ ಮುಂದಿನ ವರ್ಷ ಹಾಕಿಗೆ ದುಡ್ಡು ಯಾಕೆ ಅನ್ನುವವರು ಎಲ್ಲಾ ಕಾಲೇಜಲ್ಲೂ ಇರುತ್ತಾರೆ. ಅವತ್ತು ಸಂಜೆ ಟೀಮ್ ಎದುರಲ್ಲೇ ಆ ನೋಟ್‌ಬುಕ್ ಓದಿದರಂತೆ. ಮುಂದಿನ ಮ್ಯಾಚಿಗೆ ಬೇರೆ ಹುಡುಗ ಗೋಲಲ್ಲಿ ನಿಂತ. ಇವನು ಬೆಂಚಲ್ಲೂ ಕೂರಲಿಲ್ಲ. ಪ್ಯಾಡ್ ತೊಳೆದು, ಒಣಗಿಸಿ, ಸ್ಪೋರ್ಟ್ಸ್ ರೂಮಿಗೆ ಒಪ್ಪಿಸಿ ಹೋಗಿದ್ದ.

ಹೊಸ ಕೀಪರ್ ಸ್ಕೂಲಲ್ಲಿ ಆಡಿದ್ದವನು, ಎತ್ತರದ ಹುಡುಗ. ನಮಗೆ ಖುಷಿ. ಮ್ಯಾಚ್ ಶುರುವಾಗಿ ಸ್ವಲ್ಪ ಹೊತ್ತಿಗೇ ಪೆನಾಲ್ಟಿ ಕಾರ್ನರ್. ಚೆಂಡು ಹಲಗೆಗೆ ಬಡಿಯಿತು. ಅವನೂ ಕದಲಲಿಲ್ಲ.

ಅವತ್ತು ಮ್ಯಾಚ್ ನೋಡಲು ಶಹಾಬಾದ್‌ನಿಂದ ಒಬ್ಬ ಹಿರಿಯರು ಬಂದಿದ್ದರು. ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ವಯಸ್ಸಿದ್ದಾಗ ಫುಲ್ ಬ್ಯಾಕ್ ಆಡಿದವರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ನಾನು ಮತ್ತೆ ಬರೆಯುತ್ತಿದ್ದುದನ್ನು ನೋಡಿ ಕೇಳಿದರು: “ಇಲ್ಲಿ ಕುಂತು ಏನ್ ನೋಡ್ಲಕತ್ತಿದಿ ತಮ್ಮಾ? ನೆಟ್ ಹಿಂದ ಹೋಗಿ ನಿಂದ್ರು ನಡಿ.” ಕರೆದುಕೊಂಡೇ ಹೋದರು. ಬಿಸಿಲಲ್ಲಿ ಗೋಲ್ ಹಿಂದೆ, ಕೀಪರ್ ಬೆನ್ನಿನ ನೇರಕ್ಕೆ ನಿಲ್ಲಿಸಿದರು. ಮುಂದಿನ ಕಾರ್ನರ್ ಬಂತು. “ಈಗ ಚೆಂಡ್ ಎಲ್ಲಿ ಕಾಣ್ತದ ಹೇಳು” ಅಂದರು.

ಕಾಣಲೇ ಇಲ್ಲ. ಬೇಸ್‌ಲೈನಿಂದ ಚೆಂಡು ಪುಶ್ ಆಗಿ ಹೋಗಿದ್ದು ಕಂಡಿತು. ಡಿ ತುದಿಯಲ್ಲಿ ಒಬ್ಬ ತಡೆದದ್ದು ಕಂಡಿತು. ಅಷ್ಟರಲ್ಲಿ ನಮ್ಮದೇ ಹುಡುಗನ ಬೆನ್ನು ಅಡ್ಡ ಬಂತು. ಆ ಬೆನ್ನಿನ ಮೇಲಿನ ನಂಬರ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವನ ಸೊಂಟದ ಪಕ್ಕದಿಂದ ಚೆಂಡು ಹೊರಬಂದಾಗ ಅದಾಗಲೇ ಅರ್ಧ ದಾರಿ ದಾಟಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಟೀಮ್ ಸಮಸ್ಯೆಯೂ ಬಹುಶಃ ಇಲ್ಲೇ ಇದೆ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಕಾಪಾಡುವ ಟೀಮಿನ ಐದೇ ಜನ ಗೋಲ್ ಲೈನ್ ಹಿಂದೆ ಇರಬಹುದು, ಕೀಪರ್ ಸೇರಿ. ಉಳಿದವರು ಅರ್ಧ ಗ್ರೌಂಡಿನ ಆಚೆ. ಚೆಂಡನ್ನು ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಹೊರಗೆ ತಳ್ಳುತ್ತಾರೆ. ಅದು ಡಿ ದಾಟಿ ಹೊರಗೆ ಹೋಗಿ ಬಂದ ಮೇಲೇ ಗೋಲಿಗೆ ಹೊಡೆಯಬೇಕು. ಡಿ ಅಂದರೆ ಗೋಲಿಂದ 14.63 ಮೀಟರ್. ಚೆಂಡು ಚಲಿಸಿದ ಕ್ಷಣಕ್ಕೆ ನಮ್ಮವರಲ್ಲಿ ಒಬ್ಬ ಹೊಡೆಯುವವನ ಕಡೆ ಓಡುತ್ತಾನೆ. ಅವನೇ ಫಸ್ಟ್ ರಶರ್. ಚೆಂಡು ಮೈಗೆ ಬಿದ್ದರೆ ಬೀಳಲಿ ಅಂತ ಎದೆಗೊಟ್ಟು ಓಡುವ ಕೆಲಸ ಅದು. ಟೀಮಿನ ಅತಿ ಧೈರ್ಯದ ಹುಡುಗನಿಗೇ ಅದನ್ನು ಕೊಡುತ್ತಾರೆ.

ನಮ್ಮ ರಶರ್ ಹಾಗೇ ಧೈರ್ಯವಂತ. ಆದರೆ ನೇರವಾಗಿ ಓಡುತ್ತಿದ್ದ. ಹಾಗೆ ಓಡಬಾರದು. ಚೆಂಡಿಗೂ ಕೀಪರ್‌ಗೂ ನಡುವೆ ಇರುವ ಗೆರೆಯಿಂದ ಪಕ್ಕಕ್ಕೆ ಸರಿದು ಓಡಬೇಕು. ಗೋಲಿನ ಒಂದು ಬದಿಯನ್ನು ತಾನು ಮುಚ್ಚಿ, ಇನ್ನೊಂದು ಬದಿಯನ್ನು ಕೀಪರ್‌ಗೆ ಬಿಡಬೇಕು. ಕೀಪರ್‌ಗೆ ಆಗ ಚೆಂಡು ಹೊರಡುವುದು ಕಾಣುತ್ತೆ. ನೇರ ಓಡಿದರೆ ಹೊಡೆಯುವವನಿಗೆ ದೊಡ್ಡ ತೊಂದರೆ ಇಲ್ಲ, ನಮ್ಮ ಕೀಪರ್‌ಗೆ ಮಾತ್ರ ಕಣ್ಣಿಗೆ ಪರದೆ ಕಟ್ಟಿದ ಹಾಗೆ. ಇದು ಬೇವಿನ ಮರದ ಕೆಳಗಿಂದ ಯಾವತ್ತೂ ಕಾಣಲ್ಲ. ಪಕ್ಕದಿಂದ ನೋಡುವವನಿಗೆ ರಶರ್ ಮತ್ತು ಕೀಪರ್ ಬೇರೆ ಬೇರೆ ಕಡೆ ಕಾಣುತ್ತಾರೆ. ಅವರಿಬ್ಬರೂ ಒಂದೇ ಗೆರೆಯಲ್ಲಿದ್ದಾರೆ ಅಂತ ತಿಳಿಯಲು ಆ ಗೆರೆಯಲ್ಲೇ ನಿಲ್ಲಬೇಕು.

ಹಾಸ್ಟೆಲಿಗೆ ಬಂದು ನೋಟ್‌ಬುಕ್ ತೆಗೆದೆ. ನೆನಪಿಸಿಕೊಂಡು ಪ್ರತಿ ಗೋಲಿನ ಎದುರು ಅದು ಹೇಗೆ ಬಂತು ಅಂತ ಬರೆದೆ. ಬಹುಪಾಲು ಪೆನಾಲ್ಟಿ ಕಾರ್ನರ್. ಅದರಲ್ಲೂ ಹೆಚ್ಚಿನವು ಆಟದ ಕೊನೆಯ ಕಾಲು ಭಾಗದಲ್ಲಿ, ಅಂದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ. ಆಗ ಇನ್ನೊಂದು ಪ್ರಶ್ನೆ ಬಂತು. ಇಷ್ಟೊಂದು ಕಾರ್ನರ್ ಯಾಕೆ ಕೊಡುತ್ತಿದ್ದೇವೆ? ಉತ್ತರ ನಮ್ಮ ಕಾಲಡಿಯಲ್ಲೇ ಇತ್ತು. ಕಲಬುರಗಿಯದು ಎರೆ ಭೂಮಿ. ಗ್ರೌಂಡಿಗೆ ಮುರುಮ್ (ಗರಸು ಮಣ್ಣು) ಹಾಕಿ ರೋಲರ್ ಹೊಡೆದರೂ ಅಡಿಯಲ್ಲಿ ಅದೇ ಕಪ್ಪು ಮಣ್ಣು. ಸೆಪ್ಟೆಂಬರಲ್ಲಿ ನಮ್ಮ ಕಡೆ ಜೋರು ಮಳೆ, ಪ್ರಾಕ್ಟೀಸ್ ಬೇಕಾದದ್ದೂ ಅದೇ ತಿಂಗಳು. ಮಳೆ ಬಂದರೆ ಗ್ರೌಂಡಿಗೆ ಕಾಲಿಡಲಾಗಲ್ಲ. ಬಿಸಿಲು ಬಿದ್ದ ಮೇಲೆ ಹೆಜ್ಜೆ ಗುರುತು, ದನದ ಗೊರಸಿನ ಗುರುತು ಎಲ್ಲಾ ಕಲ್ಲಿನಂತೆ ಗಟ್ಟಿ. ಚೆಂಡು ಎಲ್ಲಿಂದ ಎಲ್ಲಿಗೆ ಎಗರುತ್ತೆ ಹೇಳಲು ಬರಲ್ಲ. ಅಂಥ ನೆಲದಲ್ಲಿ ಆಡುವ ಡಿಫೆಂಡರ್ ಚೆಂಡಿನ ಹಿಂದೆ ಮೈಯನ್ನೂ ಕಾಲನ್ನೂ ತಂದು ನಿಲ್ಲಿಸುವುದನ್ನು ಕಲಿಯುತ್ತಾನೆ. ಸ್ಟಿಕ್ ತಪ್ಪಿದರೆ ಕಾಲಿಗಾದರೂ ತಾಗಿ ನಿಲ್ಲಲಿ ಅಂತ. ಪ್ರಾಕ್ಟೀಸಲ್ಲಿ ಯಾರೂ ಸೀಟಿ ಊದಲ್ಲ. ಮ್ಯಾಚಲ್ಲಿ ಡಿ ಒಳಗೆ ಡಿಫೆಂಡರ್ ಕಾಲಿಗೆ ಚೆಂಡು ತಾಗಿದರೆ ಪೆನಾಲ್ಟಿ ಕಾರ್ನರ್. ನೀರು ಹೊಡೆದ ಟರ್ಫ್ ಮೇಲೆ ಚೆಂಡು ಇನ್ನೂ ಜೋರಾಗಿ ಬರುತ್ತೆ, ಕಾಲು ತೆಗೆಯಲು ಸಮಯವೇ ಇರಲ್ಲ. ದಣಿದಾಗ ಹಳೇ ಅಭ್ಯಾಸ ಇನ್ನೂ ಬೇಗ ಬರುತ್ತೆ, ಅದಕ್ಕೇ ನಾಲ್ಕನೇ ಕ್ವಾರ್ಟರ್.

ಅಂದರೆ ನೆಲ, ಆ ನೆಲ ಕಲಿಸಿದ ಅಭ್ಯಾಸ, ದಣಿವು, ರಶರ್ ಓಡುವ ದಾರಿ, ಇಷ್ಟೂ ದಾಟಿ ಬಂದ ಚೆಂಡು ಕೊನೆಗೆ ಆ ಫಸ್ಟ್ ಇಯರ್ ಹುಡುಗನ ಹತ್ತಿರ ಬರುತ್ತಿತ್ತು. ನಾನು ಬರೆದದ್ದು ಆ ಕೊನೆಯ ಹೆಸರನ್ನು ಮಾತ್ರ. ಹೇಗೆ ಬಂತು ಅನ್ನುವ ಒಂದು ಕಾಲಮ್ ಮೊದಲ ಮ್ಯಾಚಿಂದಲೇ ಇದ್ದಿದ್ದರೆ ಇದು ಎರಡನೇ ಮ್ಯಾಚಿಗೇ ಗೊತ್ತಾಗುತ್ತಿತ್ತು. ಈ ಒಂದು ವಿಷಯವನ್ನು ನಾನು ಇವತ್ತಿಗೂ ಯಾರು ಸಿಕ್ಕರೂ ಹೇಳುತ್ತೇನೆ.

ಕಾಕಾ ಪಿಡಿ ಸರ್‌ಗೆ ಹೇಳಿದರು. ರಶರ್ ದಾರಿ ಬದಲಾಯ್ತು, ಪ್ರಾಕ್ಟೀಸಲ್ಲಿ ಕಾಲಿಗೆ ತಾಗಿದರೆ ಸೀಟಿ ಊದಲು ಶುರು ಮಾಡಿದರು. ಟೀಮ್ ಗೆಲ್ಲತೊಡಗಿತು. ನಾನು ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಸಂಜೆ ಕೆಲಸಕ್ಕೆ ಸೇರಿದ್ದ. ಗಿರಾಕಿಯ ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾ ನನ್ನ ಮಾತೆಲ್ಲ ಕೇಳಿದ. ಗುಳ್ಳೆ ಉಳಿಯದ ಹಾಗೆ ಬಟ್ಟೆಯಿಂದ ಒತ್ತಿ, ಫೋನ್ ಕೊಟ್ಟು, ದುಡ್ಡು ತಗೊಂಡು, ಆಮೇಲೆ ಹೇಳಿದ: “ಇರ್ಲಿ ಬಿಡಣ್ಣ. ನನಗ ಕಾಣಂಗಿಲ್ಲ ಅಂತ ಸರ್‌ಗ ಹೇಳಿದ್ದೆ. ನೆಪ ಹೇಳ್ತಾನ ಅಂದ್ರು.” ಮತ್ತೆ ಆಡಲು ಬರಲಿಲ್ಲ. ಮನೆಯಲ್ಲಿ ಸಂಬಳ ಬರಲು ಶುರುವಾಗಿತ್ತು, ಹಾಕಿಗೆ ವಾಪಸ್ ಕಳಿಸುವವರು ಯಾರು?

ಕಪ್ಪಿನ ಮಾತು ಬಾಕಿ ಇದೆ. ಸೆಮಿಫೈನಲ್‌ವರೆಗೆ ಹೋದೆವು. ಸಮಬಲ. ಶೂಟೌಟ್. 23 ಮೀಟರ್ ಗೆರೆಯಿಂದ ಒಬ್ಬನೇ ಚೆಂಡು ತಗೊಂಡು ಬರುತ್ತಾನೆ, 8 ಸೆಕೆಂಡ್ ಸಮಯ, ಎದುರಿಗೆ ಕೀಪರ್ ಒಬ್ಬನೇ. ನಮ್ಮ ಹಳೇ ಕೀಪರ್‌ನ ಬಲ ಇದ್ದದ್ದೇ ಅಲ್ಲಿ. ಪ್ರಾಕ್ಟೀಸಲ್ಲಿ ಒಬ್ಬರಿಗೊಬ್ಬರು ನಿಂತಾಗ ಅವನು ಮುಂದೆ ಬಂದು, ಕಾಯ್ದು ಕಾಯ್ದು, ಎದುರಿನವನು ಮೊದಲು ತಿರುಗಿದ ಮೇಲಷ್ಟೇ ಬೀಳುತ್ತಿದ್ದ. ಸೆಂಟರ್ ಹಾಫ್‌ಗೂ ಅವನನ್ನು ದಾಟುವುದು ಕಷ್ಟವಾಗುತ್ತಿತ್ತು. ಹೊಸ ಹುಡುಗ ಪ್ರತಿ ಸಲ ಮೊದಲೇ ಬಿದ್ದ. ಎದುರಾಳಿಗಳು ಅವನನ್ನು ಸುತ್ತಿ ಹೋಗಿ ಚೆಂಡು ಒಳಗೆ ತಳ್ಳಿದರು. ಅಲ್ಲಿಗೆ ನಮ್ಮ ಸೀಸನ್ ಮುಗಿಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೀಪರ್ ಇರಬೇಕಾ ಹೋಗಬೇಕಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ನಾಲ್ಕು ಮ್ಯಾಚ್ ನೋಡಿ ಟೀಮ್ ಬಗ್ಗೆ ಒಂದಿಷ್ಟು ಹೇಳಬಹುದು, ಆದರೆ ಒಬ್ಬ ಹುಡುಗನ ಬಗ್ಗೆ ಏನೂ ಹೇಳಲಾಗಲ್ಲ. ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಾ? 2021ರ ಜುಲೈನಲ್ಲಿ ಭಾರತ ತನ್ನ ಎರಡನೇ ಮ್ಯಾಚಲ್ಲೇ ಆಸ್ಟ್ರೇಲಿಯಾಕ್ಕೆ 1-7ರಲ್ಲಿ ಸೋತಿತು. ಗೋಲಲ್ಲಿ ಇದ್ದದ್ದು ಶ್ರೀಜೇಶ್. ಏಳು ಗೋಲು. ನಿಮ್ಮ ಲೆಕ್ಕದಲ್ಲಿ ಅವತ್ತೇ ಅವರನ್ನು ಕೂರಿಸಬೇಕಿತ್ತು. ಆಗಸ್ಟ್ 5ರಂದು ಜರ್ಮನಿಯನ್ನು 5-4ರಲ್ಲಿ ಸೋಲಿಸಿ ಕಂಚು ಗೆದ್ದೆವು, 1980ರ ಮಾಸ್ಕೊ ಚಿನ್ನದ ನಂತರ ಮೊದಲ ಒಲಿಂಪಿಕ್ ಪದಕ. ಕೊನೆಯ ಕೆಲವೇ ಸೆಕೆಂಡ್ ಇದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ಅದನ್ನು ತಡೆದದ್ದೂ ಅದೇ ಶ್ರೀಜೇಶ್. ಆ ಟೀಮಿನ ಫಸ್ಟ್ ರಶರ್ ಅಮಿತ್ ರೋಹಿದಾಸ್. ಅವರು ಓಡುವ ವಿಡಿಯೊಗಳನ್ನು ಹುಡುಕಿ ನೋಡಿ, ನಾನು ಮೇಲೆ ಹೇಳಿದ್ದು ಪೂರ್ತಿ ಅರ್ಥವಾಗುತ್ತೆ. ರಿಯೊದಲ್ಲೂ ಹಾಗೇ. ಅರ್ಜೆಂಟಿನಾ ಗ್ರೂಪ್ ಹಂತದಲ್ಲಿ ನಮ್ಮ ಕೈಯಲ್ಲಿ 2-1ರಿಂದ ಸೋತು, ಗ್ರೂಪಲ್ಲಿ ಮೂರನೆಯದಾಗಿ ಮುಂದೆ ಹೋಯಿತು. ಫೈನಲಲ್ಲಿ ಬೆಲ್ಜಿಯಂ ಅನ್ನು 4-2ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಮ್ಯಾಚುಗಳನ್ನು ಮೊಬೈಲಲ್ಲಿ ಕಣ್ಣು ಬಿಟ್ಟುಕೊಂಡು ನೋಡಿದ ಮೇಲೇ ನಾನು ನೋಟ್‌ಬುಕ್ ಹಿಡಿದುಕೊಂಡು ಪಿಡಿ ಸರ್ ರೂಮಿಗೆ ಹೋಗಿದ್ದು.

ಕೋಚ್ ಬದಲಾಯಿಸುವುದು ಹೇಗೆ ಅಂತಲೂ ಕೊನೆಯಲ್ಲಿ ಒಂದು ಸಾಲು ಕೇಳಿದ್ದೀರಿ. ಸೀಸನ್ ನಡುವೆ ಬೇಡ. ನಿಮ್ಮ ಕೋಚ್ ಕೀಪರ್ ಮಾತು ಕೇಳುತ್ತಾರಾ ಇಲ್ಲವಾ, ಅದೊಂದನ್ನು ಗಮನಿಸಿ ಸಾಕು.

ಇನ್ನೊಂದು ಮಾತು, ನಿಮಗೆ ಬೇಜಾರಾದರೂ ಸರಿ. ಕಾಲೇಜು ಟೀಮಿನ ಆಯ್ಕೆಯಲ್ಲಿ ನೋಡುವವರು ಬಾಯಿ ಹಾಕಲೇಬಾರದು. ಐಪಿಎಲ್ ಆಟಗಾರನನ್ನು ಬೈದರೆ ಅವನಿಗೆ ಸಂಬಳ ಇದೆ, ಇನ್ನೊಂದು ಟೀಮ್ ಇದೆ. ಈ ಹುಡುಗರಿಗೆ ಸಿಗುವುದು ಒಂದು ಜೆರ್ಸಿ, ಬಸ್ ಖರ್ಚು, ಮ್ಯಾಚ್ ದಿನದ ಊಟ. ಅಟೆಂಡೆನ್ಸ್‌ಗೂ ಅಲೆದಾಡಬೇಕು. ಅವರು ಆಡುತ್ತಿರುವುದು ಆಡಬೇಕು ಅನ್ನುವ ಆಸೆಯಿಂದ ಮಾತ್ರ. ಆ ಆಸೆ ಹೋದರೆ ಪ್ಯಾಡ್ ತೊಳೆದಿಟ್ಟು ಹೋಗುತ್ತಾರೆ. ಬೀದರ್, ಕಲಬುರಗಿ, ಯಾದಗಿರಿ ಕಡೆ ಗೋಲಲ್ಲಿ ನಿಲ್ಲುತ್ತೇನೆ ಅನ್ನುವ ಹುಡುಗರು ಎಷ್ಟು ಜನ ಸಿಗುತ್ತಾರೆ ನೀವೇ ಹೇಳಿ. ಇದು ಕೊಡಗಲ್ಲ. ಅಲ್ಲಿ ಮನೆತನಗಳೇ ಟೀಮ್ ಕಟ್ಟಿಕೊಂಡು ಆಡುತ್ತವೆ, ಒಬ್ಬ ಹೋದರೆ ಅವನ ಅಣ್ಣನೋ ತಮ್ಮನೋ ಬರುತ್ತಾನೆ. ನಮ್ಮಲ್ಲಿ ಒಬ್ಬ ಹೋದರೆ ಹೋದ.

ನೀವು ಮಾಡಬೇಕಾದ್ದು ಬೇರೆ ಇದೆ. ಮುಂದಿನ ಮ್ಯಾಚಿಗೆ ಗೋಲ್ ಹಿಂದೆ ನಿಂತು ನೋಡಿ, ನೆಟ್‌ನಿಂದ ಸ್ವಲ್ಪ ದೂರ ಇರಿ, ಫ್ಲಿಕ್ ಮಾಡಿದ ಚೆಂಡು ಮೇಲಿಂದ ಬಂದರೆ ಪೆಟ್ಟು ಜೋರು. ಗೋಲು ಲೆಕ್ಕ ಹಾಕುವ ಬದಲು ಪ್ರತಿ ಕಾರ್ನರ್ ಯಾಕೆ ಬಂತು ಬರೆಯಿರಿ. ಕಾಲಿಗೆ ತಾಗಿ ಬಂತಾ, ಹಿಂದಿನಿಂದ ಟ್ಯಾಕಲ್ ಮಾಡಿ ಬಂತಾ, ಯಾವ ಕ್ವಾರ್ಟರ್. ರಶರ್ ಎಲ್ಲಿಂದ ಎಲ್ಲಿಗೆ ಓಡಿದ ಅಂತ ಒಂದು ಗೆರೆ ಎಳೆಯಿರಿ. ಸಾಧ್ಯವಾದರೆ ಫೋನಲ್ಲಿ ಅಲ್ಲಿಂದಲೇ ವಿಡಿಯೊ ಮಾಡಿ. ಅದನ್ನು ಪ್ರಿನ್ಸಿಪಾಲರಿಗೆ ಕೊಡಬೇಡಿ, ಟೀಮ್ ಎದುರು ಓದಿಸಬೇಡಿ. ಮೊದಲು ಆ ಕೀಪರ್ ಹುಡುಗನಿಗೆ ತೋರಿಸಿ, ‘ನಿನಗೆ ಅಲ್ಲಿಂದ ಏನು ಕಾಣುತ್ತೆ’ ಅಂತ ಕೇಳಿ. ಹಾಗೇ ಅವನ ಪ್ಯಾಡ್, ಕಿಕ್ಕರ್ (ಶೂ ಮೇಲೆ ಕಟ್ಟುವ ರಕ್ಷಣೆ), ಹೆಲ್ಮೆಟ್ ಹೇಗಿವೆ ನೋಡಿ. ಅರ್ಜಿಗೆ ಸಹಿ ಹಾಕಲು ಇಷ್ಟು ಜನ ಸಿಕ್ಕಿದ್ದಾರಲ್ಲ, ಅವರಿಂದಲೇ ತಲಾ ಒಂದಿಷ್ಟು ಸೇರಿಸಿ ಒಳ್ಳೆಯ ಪ್ಯಾಡ್ ಕೊಡಿಸಿ.

ಮ್ಯಾಚ್ ಬೀದರಲ್ಲೇ ಇದ್ದು ಭಾನುವಾರ ಬಿದ್ದರೆ ತಿಳಿಸಿ. ಹುಮನಾಬಾದ್ ಮೇಲಿಂದ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ.